ಓದುಗರ ಪ್ರಶ್ನೆ, ಅಕ್ಕೋರ ಉತ್ತರ: ಐಇಎಲ್‌ಟಿಎಸ್ ಪರೀಕ್ಷೆಗೆ ಗ್ರಾಮರ್ ಅಭ್ಯಾಸ ಮಾಡುವುದು ಹೇಗೆ?

ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಇಂಗ್ಲಿಷ್ ಪರೀಕ್ಷೆಯವೇ, ಅಂದರೆ ಹೊರದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್‌ನವು. ಕರಾವಳಿಯಿಂದಲೂ ಬಂದಿವೆ, ಘಟ್ಟದ ಮೇಲಿನಿಂದಲೂ ಬಂದಿವೆ. ನರ್ಸಿಂಗ್ ಮುಗಿಸಿದವರು, ಹೊರದೇಶಕ್ಕೆ ಓದಲು ಹೊರಟವರು, ಅವರ ಅಪ್ಪ ಅಮ್ಮ ಎಲ್ಲರೂ ಬರೆದಿದ್ದಾರೆ. ಒಂದೇ ತರಹದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇನೆ. ಜಾಗ ಕಡಿಮೆಯಿದ್ದ ಕಾರಣ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ಅಕ್ಕೋರೇ, ನನ್ನ ಊರು ಅಂಕೋಲಾ ಕಡೆ. ಕಾರವಾರದ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಇಂಗ್ಲೆಂಡಿಗೆ ಹೋಗಬೇಕು ಅಂತ ಐಇಎಲ್‌ಟಿಎಸ್ ಬರೆದೆ. ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್ ಮೂರರಲ್ಲೂ 7 ಬಂತು. ರೈಟಿಂಗ್‌ನಲ್ಲಿ ಮಾತ್ರ 6. ಗ್ರಾಮರ್ ವೀಕ್ ಇದೆ ಅಂತ ಕೋಚಿಂಗ್‌ನಲ್ಲಿ ಹೇಳಿದರು. ದಪ್ಪ ಗ್ರಾಮರ್ ಪುಸ್ತಕ ಪೂರ್ತಿ ಮಾಡಿದ್ದೇನೆ. ಬಿಟ್ಟ ಸ್ಥಳ ತುಂಬುವುದೆಲ್ಲ ಸರಿಯಾಗಿಯೇ ಬರುತ್ತದೆ. ಮತ್ತೆ ಮೊದಲಿನಿಂದ ಮಾಡಲಾ? ನಾನು ಬರೆದ ಒಂದು ಪ್ರಬಂಧವನ್ನೂ ಇದರ ಜೊತೆ ಕಳಿಸಿದ್ದೇನೆ.
ಒಬ್ಬ ನರ್ಸ್, ಕಾರವಾರ

ಉತ್ತರ: ಬೇಡ ತಂಗಿ. ಆ ಪುಸ್ತಕ ಕಪಾಟಿನಲ್ಲಿರಲಿ. ಸಂಶಯ ಬಂದಾಗ ತೆಗೆದು ನೋಡುವುದಕ್ಕೆ ಅದು ಬೇಕು, ಮೊದಲ ಪುಟದಿಂದ ಮತ್ತೆ ಶುರು ಮಾಡುವುದಕ್ಕೆ ಅಲ್ಲ.

ಯಾಕೆ ಅಂತ ಹೇಳುತ್ತೇನೆ. ಐಇಎಲ್‌ಟಿಎಸ್‌ನಲ್ಲಿ ಗ್ರಾಮರ್ ಅಂತ ಬೇರೆ ಪೇಪರ್ ಇಲ್ಲ. ರೈಟಿಂಗ್ ಮತ್ತು ಸ್ಪೀಕಿಂಗ್ ಎರಡರಲ್ಲೂ ನಾಲ್ಕು ವಿಷಯ ನೋಡಿ ಅಂಕ ಕೊಡುತ್ತಾರೆ. ಅದರಲ್ಲಿ ಒಂದು ಗ್ರಾಮರ್, ಅಂದರೆ ಅಂಕದ ಕಾಲು ಭಾಗ. ಅಲ್ಲೂ ನೋಡುವುದು ಎರಡನ್ನು. ಬೇರೆ ಬೇರೆ ತರಹದ ವಾಕ್ಯ ಕಟ್ಟಲು ಬರುತ್ತದೋ, ಕಟ್ಟಿದ ವಾಕ್ಯದಲ್ಲಿ ತಪ್ಪು ಎಷ್ಟಿದೆ. ಬ್ಯಾಂಡ್ (ಈ ಪರೀಕ್ಷೆಯ ಅಂಕಕ್ಕೆ ಹಾಗನ್ನುತ್ತಾರೆ) 7ಕ್ಕೆ ತಪ್ಪಿಲ್ಲದ ವಾಕ್ಯಗಳು ಪದೇ ಪದೇ ಬರಬೇಕು. ಒಂದೂ ತಪ್ಪು ಇರಬಾರದು ಅಂತ ಎಲ್ಲೂ ಹೇಳಿಲ್ಲ.

ಬಿಟ್ಟ ಸ್ಥಳ ನಿಮಗೆ ಸರಿ ಬರುವುದಕ್ಕೂ ಕಾರಣ ಇದೆ. ಎಲ್ಲಿ ಎಚ್ಚರ ಇರಬೇಕು ಅಂತ ಪುಸ್ತಕವೇ ಗೆರೆ ಎಳೆದು ತೋರಿಸಿರುತ್ತದೆ. ನೀವೇ ಪ್ರಬಂಧ ಬರೆಯುವಾಗ ಆ ಗೆರೆ ಇರುವುದಿಲ್ಲ. ಹಾಗಾಗಿ ನಿಮ್ಮದೇ ಬರವಣಿಗೆಯಲ್ಲಿ ತಪ್ಪು ಎಲ್ಲಿ ಕೂತಿದೆ ಅಂತ ಹುಡುಕುವ ಅಭ್ಯಾಸ ಆಗಬೇಕು. ನನ್ನ ಹತ್ತಿರ ಸಂಜೆ ಕಲಿಯಲು ಬರುವ ಮಕ್ಕಳಲ್ಲಿ ಬ್ಯಾಂಡ್ ಏರಿದ್ದು ಈ ಒಂದು ಅಭ್ಯಾಸದಿಂದಲೇ.

ನಿಮ್ಮ ಪ್ರಬಂಧವನ್ನು ಪೆನ್ಸಿಲ್ ಹಿಡಿದು ಓದಿದೆ. ಹಳ್ಳಿಯ ಆಸ್ಪತ್ರೆಗಳ ಬಗ್ಗೆ ನೀವು ಹೇಳಿದ ವಿಚಾರ ಚೆನ್ನಾಗಿದೆ, ಉದಾಹರಣೆಗಳು ಕಣ್ಣಾರೆ ನೋಡಿದವರು ಹೇಳಿದ ಹಾಗಿವೆ. ತಪ್ಪುಗಳು ಬಹಳ ಅಂತ ಕಂಡರೂ ಜಾತಿ ನಾಲ್ಕೇ. ನಾಲ್ಕೂ ಕನ್ನಡದಿಂದ ನೇರ ಇಳಿದು ಬಂದವು.

ಮೊದಲನೆಯದು: ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೋರ್ ಇಯರ್ಸ್’. ‘ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಅನ್ನುವುದು ಹಾಗೇ ಹೋಗಿ ಕೂತಿದೆ. ನಮಗೆ ‘ಇಂದ’ ಒಂದೇ ಸಾಕು. ಅವರಿಗೆ ಎರಡು ಬೇಕು. ಎಷ್ಟು ಕಾಲ ಅಂತ ಹೇಳುವಾಗ ‘ಫಾರ್’, ಯಾವಾಗ ಶುರುವಾಯಿತು ಅಂತ ಹೇಳುವಾಗ ‘ಸಿನ್ಸ್’. ಜೊತೆಗೆ ಕ್ರಿಯಾಪದವೂ ಬದಲಾಗುತ್ತದೆ: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೋರ್ ಇಯರ್ಸ್’. ಕೆಲಸಕ್ಕೆ ಸೇರಿದ ವರ್ಷ ಹೇಳುವುದಾದರೆ ‘ಸಿನ್ಸ್ 2021’.

ಎರಡನೆಯದು: ‘ಲಾಸ್ಟ್ ಮಂತ್ ಐ ಹ್ಯಾಡ್ ಗಾನ್ ಟು ಅ ಕ್ಯಾಂಪ್’. ನಾವು ಮಾತಾಡುವಾಗ ‘ಕ್ಯಾಂಪಿಗೆ ಹೋಗಿದ್ದೆ’ ಅನ್ನುತ್ತೇವೆ, ‘ಹೋದೆ’ ಅನ್ನುವುದು ಕಡಿಮೆ. ಆ ‘ಇದ್ದೆ’ಗೆ ನೀವು ‘ಹ್ಯಾಡ್’ ಹಾಕಿದ್ದೀರಿ. ಇಂಗ್ಲಿಷ್‌ನಲ್ಲಿ ಮುಗಿದ ವಿಷಯಕ್ಕೆ ‘ಐ ವೆಂಟ್’ ಸಾಕು. ಹಿಂದೆ ನಡೆದ ಎರಡು ಸಂಗತಿಗಳಲ್ಲಿ ಇದು ಮೊದಲು ನಡೆದದ್ದು ಅಂತ ಬೇರೆ ಮಾಡಿ ಹೇಳಬೇಕಾದಾಗ ಮಾತ್ರ ‘ಹ್ಯಾಡ್’ ಬರುತ್ತದೆ. ‘ವೆನ್ ದ ಡಾಕ್ಟರ್ ಅರೈವ್ಡ್, ಐ ಹ್ಯಾಡ್ ಆಲ್‌ರೆಡಿ ಚೆಕ್ಡ್ ದ ಬ್ಲಡ್ ಪ್ರೆಶರ್’. ಡಾಕ್ಟರ್ ಬರುವ ಮೊದಲೇ ಬಿಪಿ ನೋಡಿ ಆಗಿತ್ತು. ಇಲ್ಲಿ ‘ಹ್ಯಾಡ್’ ಬೇಕೇ ಬೇಕು.

ಮೂರನೆಯದು ‘ಅ’, ‘ಆನ್’, ‘ದ’. ನಿಮ್ಮ ತಪ್ಪುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇವೇ. ಕನ್ನಡದಲ್ಲಿ ಇವಿಲ್ಲ, ಕೊಂಕಣಿಯಲ್ಲೂ ಇಲ್ಲ. ಹಾಗಾಗಿ ಬಿಟ್ಟುಹೋದದ್ದು ನಮ್ಮ ಕಿವಿಗೆ ಗೊತ್ತಾಗುವುದಿಲ್ಲ, ಕಣ್ಣಿನಿಂದಲೇ ಹಿಡಿಯಬೇಕು. ಪೆನ್ಸಿಲ್ ತೆಗೆದುಕೊಂಡು ಪ್ರತಿಯೊಂದು ನಾಮಪದಕ್ಕೂ ಸುತ್ತು ಹಾಕಿ. ಇದನ್ನು ಎಣಿಸಬಹುದಾ? ಒಂದೇ ಇದೆಯಾ? ಎರಡಕ್ಕೂ ಹೌದು ಅಂತಾದರೆ ಅದು ಒಂಟಿಯಾಗಿ ನಿಲ್ಲುವಂತಿಲ್ಲ. ಮುಂದೆ ‘ಅ’ ಅಥವಾ ‘ದ’, ಇಲ್ಲವೇ ‘ಮೈ’, ‘ದಿಸ್’ ತರಹದ್ದು ಏನಾದರೂ ಬೇಕು. ಯಾವುದು ಅಂತ ಓದುವವರಿಗೆ ಆಗಲೇ ಗೊತ್ತಿದ್ದರೆ ‘ದ’, ಮೊದಲ ಸಲ ಹೇಳುತ್ತಿದ್ದರೆ ‘ಅ’. ‘ಐ ಗೇವ್ ಇಂಜೆಕ್ಷನ್ ಟು ಪೇಶಂಟ್’ ಅಂತ ಬರೆದಿದ್ದೀರಿ. ಸುತ್ತು ಹಾಕಿದ ಕೂಡಲೇ ಎರಡೂ ಸಿಕ್ಕಿಬೀಳುತ್ತವೆ: ‘ಐ ಗೇವ್ ದ ಪೇಶಂಟ್ ಆನ್ ಇಂಜೆಕ್ಷನ್’. ಎಣಿಸಲು ಬಾರದ ಪದಗಳ ಮೇಲೂ ಕಣ್ಣಿಡಿ. ‘ಇಕ್ವಿಪ್‌ಮೆಂಟ್ಸ್’, ‘ಇನ್ಫರ್ಮೇಶನ್ಸ್’, ‘ಅಡ್ವೈಸಸ್’ ಮೂರೂ ನಿಮ್ಮ ಪ್ರಬಂಧದಲ್ಲಿವೆ. ಮೂರಕ್ಕೂ ಕೊನೆಯ ‘ಎಸ್’ ಬೇಡ.

ನಾಲ್ಕನೆಯದು: ‘ದೇ ಆರ್ ನಾಟ್ ನೋಯಿಂಗ್ ವೇರ್ ಈಸ್ ದ ಹಾಸ್ಪಿಟಲ್’. ಒಂದೇ ವಾಕ್ಯದಲ್ಲಿ ಎರಡು ತಪ್ಪು. ‘ನೋ’, ‘ಹ್ಯಾವ್’, ‘ಬಿಲೀವ್’ ತರಹದ ಪದಗಳಿಗೆ ಸಾಮಾನ್ಯವಾಗಿ ‘ಇಂಗ್’ ಹಚ್ಚುವುದಿಲ್ಲ. ಇನ್ನು, ಪ್ರಶ್ನೆ ಇನ್ನೊಂದು ವಾಕ್ಯದ ಒಳಗೆ ಬಂದಾಗ ಅದು ಪ್ರಶ್ನೆಯ ರೂಪ ಬಿಡುತ್ತದೆ. ‘ದೇ ಡೋಂಟ್ ನೋ ವೇರ್ ದ ಹಾಸ್ಪಿಟಲ್ ಈಸ್’.

ಈಗ ಮಾಡಬೇಕಾದ್ದು ಇಷ್ಟು. ಒಂದು ಪ್ರಬಂಧವನ್ನು ಗಡಿಯಾರ ಇಟ್ಟುಕೊಂಡು ಬರೆಯಿರಿ. ಕೂಡಲೇ ತಿದ್ದಬೇಡಿ. ಡ್ಯೂಟಿ ಮುಗಿಸಿ ಬಂದು, ಮಾರನೆ ದಿನ, ನಾಲ್ಕು ಸಲ ಓದಿ. ಒಂದು ಓದಿಗೆ ಒಂದೇ ಜಾತಿಯ ತಪ್ಪು. ಮೊದಲ ಸಲ ಬರೀ ‘ಅ’, ‘ದ’. ಎರಡನೇ ಸಲ ಬರೀ ಕ್ರಿಯಾಪದ. ಎಲ್ಲವನ್ನೂ ಒಟ್ಟಿಗೆ ಹುಡುಕಲು ಹೋದರೆ ಕಣ್ಣು ಅರ್ಥದ ಹಿಂದೆ ಓಡುತ್ತದೆ, ತಪ್ಪು ದಾಟಿಹೋಗುತ್ತದೆ. ಸಿಕ್ಕಿದ ತಪ್ಪು ವಾಕ್ಯವನ್ನು ಒಂದು ನೋಟ್‌ಬುಕ್ಕಿನ ಎಡಪುಟದಲ್ಲಿ, ಸರಿ ಮಾಡಿದ್ದನ್ನು ಬಲಪುಟದಲ್ಲಿ ಬರೆಯಿರಿ. ವಾರಕ್ಕೊಮ್ಮೆ ಬಲಪುಟ ಮುಚ್ಚಿಕೊಂಡು ಎಡಪುಟವನ್ನು ಮತ್ತೆ ಸರಿ ಮಾಡಿ. ನಿಮ್ಮ ಗ್ರಾಮರ್ ಪುಸ್ತಕ ಇದು. ಇಂಥದ್ದು ಅಂಗಡಿಯಲ್ಲಿ ಸಿಗುವುದಿಲ್ಲ.

ಪರೀಕ್ಷೆಯಲ್ಲಿ ರೈಟಿಂಗ್‌ಗೆ 60 ನಿಮಿಷ. ಮೊದಲ ಟಾಸ್ಕ್‌ಗೆ ಕನಿಷ್ಠ 150 ಪದ, ಎರಡನೆಯದಕ್ಕೆ 250. ಎರಡನೆಯದರ ತೂಕ ಮೊದಲನೆಯದರ ಎರಡರಷ್ಟು. ನಿಮ್ಮ ಪ್ರಬಂಧ 400 ಪದದ ಹತ್ತಿರ ಹೋಗಿದೆ. ಅಷ್ಟು ಬೇಡ. 270, 280ಕ್ಕೆ ನಿಲ್ಲಿಸಿ, ಉಳಿದ ಐದು ನಿಮಿಷ ‘ಅ’, ‘ದ’ ಹುಡುಕಲು ಇಟ್ಟುಕೊಳ್ಳಿ. ಕೋಚಿಂಗ್‌ನಲ್ಲಿ ಬಾಯಿಪಾಠ ಮಾಡಿಸಿದ ‘ಇನ್ ದಿಸ್ ಮಾಡರ್ನ್ ಎರಾ’ ತರಹದ ಸಾಲುಗಳನ್ನು ತೆಗೆದುಬಿಡಿ. ಕಂಠಪಾಠದ ಭಾಷೆ ಪರೀಕ್ಷಕರಿಗೆ ಗೊತ್ತಾಗುತ್ತದೆ, ಅದಕ್ಕೆ ಅಂಕ ಬರುವುದಿಲ್ಲ.

ಇನ್ನೊಂದು ದಾರಿಯೂ ಇದೆ. ಅಲ್ಲಿ ನರ್ಸ್‌ಗಳನ್ನು ನೋಂದಾಯಿಸುವ ನರ್ಸಿಂಗ್ ಆಂಡ್ ಮಿಡ್‌ವೈಫರಿ ಕೌನ್ಸಿಲ್ ರೈಟಿಂಗ್‌ಗೆ 6.5, ಉಳಿದ ಮೂರಕ್ಕೆ 7 ಕೇಳುತ್ತದೆ. ಅವರು ಒಇಟಿ ಅನ್ನುವ, ಆಸ್ಪತ್ರೆ ಕೆಲಸದವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆಯನ್ನೂ ಒಪ್ಪುತ್ತಾರೆ. ಅದರಲ್ಲಿ ರೈಟಿಂಗ್‌ಗೆ ಸಿ ಪ್ಲಸ್, ಉಳಿದವಕ್ಕೆ ಬಿ ಬೇಕು. ಅಲ್ಲಿ ಪ್ರಬಂಧ ಇಲ್ಲ. ರೋಗಿಯ ಕೇಸ್ ನೋಟ್ಸ್ ಕೊಟ್ಟು, 45 ನಿಮಿಷದಲ್ಲಿ ಒಂದು ಪತ್ರ ಬರೆಸುತ್ತಾರೆ. ಬೇರೆ ಆಸ್ಪತ್ರೆಗೆ ಕಳಿಸುವ ರೆಫರಲ್ ಪತ್ರ, ಇಲ್ಲವೇ ಡಿಸ್ಚಾರ್ಜ್ ಪತ್ರ. ಫೀ ಐಇಎಲ್‌ಟಿಎಸ್‌ಗಿಂತ ಜಾಸ್ತಿ. ಆದರೆ ನೀವು ದಿನಾ ವಾರ್ಡಿನಲ್ಲಿ ನೋಡುವ ವಿಷಯವೇ ಅಲ್ಲಿ ಬರುತ್ತದೆ. ಯಾವುದೇ ಆದರೂ ಮೇಲಿನ ನಾಲ್ಕು ತಪ್ಪು ಎರಡೂ ಕಡೆ ಕಾಡುತ್ತವೆ. ನಿಮಗೆ ಬೇಕಾದದ್ದು ಬರೀ ಅರ್ಧ ಬ್ಯಾಂಡ್, ಅದು ಕೈಗೆಟುಕುವಷ್ಟೇ ದೂರದಲ್ಲಿದೆ. ನೈಟ್ ಡ್ಯೂಟಿ ಇದ್ದ ವಾರ ಮಾತ್ರ ಅಭ್ಯಾಸಕ್ಕೆ ಕೂರಬೇಡಿ, ನಿದ್ದೆ ಮಾಡಿ.

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿ ನಮ್ಮದು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಮನೆಯಲ್ಲಿ ಹವ್ಯಕ ಮಾತು. ಎಂಎಸ್ ಓದಲು ಹೊರಗೆ ಹೋಗಬೇಕು ಅಂತಿದ್ದೇನೆ. ಬರೆದರೆ ಟೆನ್ಸ್ ತಪ್ಪಾಗುವುದಿಲ್ಲ. ಮಾತಾಡಲು ಬಾಯಿ ತೆರೆದರೆ ಎಲ್ಲಾ ಕಲಸಿಹೋಗುತ್ತದೆ. ಮಾತಾಡುವುದಕ್ಕೆ ಇಲ್ಲಿ ಯಾರೂ ಜೊತೆ ಇಲ್ಲ.
ವಿದ್ಯಾರ್ಥಿನಿ, ಶಿರಸಿ

ಉತ್ತರ: ಜೊತೆ ಇಲ್ಲದೆಯೂ ಆಗುತ್ತದೆ ಮಗಾ. ಫೋನಿನಲ್ಲಿ ರೆಕಾರ್ಡ್ ಮಾಡುವ ಗುಂಡಿ ಇದೆ ಅಲ್ವಾ, ಅಷ್ಟು ಸಾಕು.

ಸ್ಪೀಕಿಂಗ್ ಒಟ್ಟು 11ರಿಂದ 14 ನಿಮಿಷ, ಮೂರು ಭಾಗ. ನಡುವಿನ ಭಾಗದಲ್ಲಿ ಒಂದು ಕಾರ್ಡ್ ಕೊಡುತ್ತಾರೆ. ಒಂದು ನಿಮಿಷ ಯೋಚಿಸಬಹುದು, ಕಾಗದ ಪೆನ್ಸಿಲ್ ಅವರೇ ಕೊಡುತ್ತಾರೆ. ಆಮೇಲೆ ಒಂದರಿಂದ ಎರಡು ನಿಮಿಷ ನೀವೊಬ್ಬರೇ ಮಾತಾಡಬೇಕು. ಟೆನ್ಸ್ ಕಲಸಿಹೋಗುವುದು ಇಲ್ಲೇ.

ಇದಕ್ಕೆ ನಿಮ್ಮೂರಿನ ಮಾರಿಕಾಂಬಾ ಜಾತ್ರೆಯನ್ನೇ ತೆಗೆದುಕೊಳ್ಳಿ. ಅದೊಂದು ವಿಷಯದಲ್ಲಿ ಎಲ್ಲಾ ಕಾಲಗಳೂ ಬರುತ್ತವೆ. ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ, ಇದು ಯಾವತ್ತೂ ಇರುವ ಸಂಗತಿ: ‘ದ ಫೇರ್ ಟೇಕ್ಸ್ ಪ್ಲೇಸ್ ಎವ್ರಿ ಟೂ ಇಯರ್ಸ್’. ಚಿಕ್ಕಂದಿನಿಂದ ಹೋಗುತ್ತಿದ್ದೀರಿ, ಈಗಲೂ ಹೋಗುತ್ತೀರಿ: ‘ಐ ಹ್ಯಾವ್ ಬೀನ್ ಗೋಯಿಂಗ್ ದೇರ್ ಸಿನ್ಸ್ ಐ ವಾಸ್ ಅ ಚೈಲ್ಡ್’. ಕಳೆದ ಸಲ ದೊಡ್ಡಮ್ಮನ ಮಕ್ಕಳ ಜೊತೆ ಹೋದದ್ದು ಮುಗಿದ ಕತೆ: ‘ಲಾಸ್ಟ್ ಟೈಮ್ ಐ ವೆಂಟ್ ವಿತ್ ಮೈ ಕಸಿನ್ಸ್’. ಜಾತ್ರೆ ನಡೆಯುವ ಬಿಡಕಿಬೈಲಿನಲ್ಲಿ ದೇವಿ ದರ್ಶನಕ್ಕೆ ಸಾಲಿನಲ್ಲಿ ನಿಂತಿದ್ದಾಗ ಕರೆಂಟ್ ಹೋಯಿತು ಅಂತಿಟ್ಟುಕೊಳ್ಳಿ. ನಿಂತಿದ್ದು ಉದ್ದಕ್ಕೆ ನಡೆದದ್ದು, ಕರೆಂಟ್ ಹೋಗಿದ್ದು ತಟ್ಟನೆ ಆದದ್ದು: ‘ವಿ ವರ್ ಸ್ಟ್ಯಾಂಡಿಂಗ್ ಇನ್ ದ ಕ್ಯೂ ವೆನ್ ದ ಲೈಟ್ಸ್ ವೆಂಟ್ ಔಟ್’. ಮುಂದಿನ ಜಾತ್ರೆಗೆ ರಜೆ ಸಿಕ್ಕರೆ ಬರುತ್ತೇನೆ: ‘ಇಫ್ ಐ ಗೆಟ್ ಲೀವ್, ಐ ವಿಲ್ ಕಮ್ ಹೋಮ್ ಫಾರ್ ದ ನೆಕ್ಸ್ಟ್ ಒನ್’. ಇಲ್ಲಿ ಎಚ್ಚರ ಬೇಕು. ‘ಇಫ್’ ಇರುವ ಭಾಗದಲ್ಲಿ ‘ವಿಲ್’ ಬರುವುದಿಲ್ಲ.

ಎರಡು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ. ಮಾರನೆ ದಿನ ಕೇಳುತ್ತಾ, ಆಡಿದ್ದನ್ನು ಆಡಿದ ಹಾಗೇ ಬರೆದುಕೊಳ್ಳಿ. ತಪ್ಪನ್ನೂ ಹಾಗೇ ಬರೆಯಿರಿ. ಬರೆದರೆ ತಪ್ಪಾಗುವುದಿಲ್ಲ ಅಂತ ನೀವೇ ಹೇಳಿದ್ದೀರಿ. ಹಾಗಾಗಿ ಕಾಗದದ ಮೇಲೆ ಬಂದ ಕೂಡಲೇ ತಪ್ಪು ಕಾಣುತ್ತದೆ. ತಿದ್ದಿ, ಕಾಗದ ಮಡಚಿಟ್ಟು, ಅದೇ ಕತೆಯನ್ನು ಮತ್ತೆ ಹೇಳಿ. ನೋಡಿಕೊಂಡು ಓದಬೇಡಿ. ಕತೆ ಅದೇ ಇರಲಿ, ಮಾತು ಪ್ರತಿ ಸಲ ಬೇರೆ ಬರಲಿ. ಆಮೇಲೆ ಬೇಡರ ವೇಷ, ಅಡಿಕೆ ಕೊಯ್ಲು, ನಿಮ್ಮ ಹಳೇ ಶಾಲೆ, ಹೀಗೆ ಗೊತ್ತಿರುವ ವಿಷಯಗಳನ್ನೇ ತೆಗೆದುಕೊಳ್ಳಿ. ವಿಷಯ ಹುಡುಕುವ ಕಷ್ಟ ಇಲ್ಲದಾಗ ಗಮನ ಪೂರ್ತಿ ವಾಕ್ಯದ ಮೇಲೆ ಇರುತ್ತದೆ.

ಮಾತಿನ ನಡುವೆ ತಪ್ಪು ಗೊತ್ತಾದರೆ ಒಮ್ಮೆ ಸರಿ ಮಾಡಿ ಮುಂದೆ ಹೋಗಿ. ಪ್ರತಿ ಪದಕ್ಕೂ ನಿಂತರೆ ಮಾತಿನ ಓಟ ಕೆಡುತ್ತದೆ, ಅದಕ್ಕೂ ಬೇರೆ ಅಂಕ ಇದೆ. ಎಲ್ಲಾ ವಾಕ್ಯದ ಕೊನೆಗೂ ‘ಈಸಿಂಟ್ ಇಟ್’ ಹಚ್ಚುವುದನ್ನು ಬಿಡಿ. ನಮ್ಮ ‘ಅಲ್ವಾ’ ಎಲ್ಲಾ ಕಡೆ ಹೊಂದುತ್ತದೆ, ಅದು ಹೊಂದುವುದಿಲ್ಲ. ನಮ್ಮ ಕಡೆಯ ಉಚ್ಚಾರ ಅಂತ ನಾಚಿಕೆ ಬೇಡವೇ ಬೇಡ. ಕೇಳುವವರಿಗೆ ಸ್ಪಷ್ಟವಾಗಿ ಅರ್ಥವಾದರೆ ಆಯಿತು.

ಪ್ರಶ್ನೆ: ಅಕಾಡೆಮಿಕ್ ಪರೀಕ್ಷೆಯ ಮೊದಲ ಟಾಸ್ಕ್‌ನಲ್ಲಿ ಒಂದು ವಸ್ತು ಹೇಗೆ ತಯಾರಾಗುತ್ತದೆ ಅಂತ ಚಿತ್ರ ಕೊಡುತ್ತಾರೆ. ಅದಕ್ಕೆ ಪ್ಯಾಸಿವ್ ವಾಯ್ಸ್ (ಕರ್ಮಣಿ ಪ್ರಯೋಗ) ಬೇಕಂತೆ. ಶಾಲೆಯಲ್ಲಿ ‘ರಾಮನು ರಾವಣನನ್ನು ಕೊಂದನು’ ಅಂತ ಉಲ್ಟಾ ಮಾಡಿಸಿದ್ದು ಬಿಟ್ಟರೆ ಏನೂ ಗೊತ್ತಿಲ್ಲ.
ಓದುಗ, ಕುಮಟಾ

ಉತ್ತರ: ರಾಮ ರಾವಣರಿಂದಲೇ ಈ ಪಾಠ ಕೆಟ್ಟಿದ್ದು. ಕೊಂದವನ ಹೆಸರು ಗೊತ್ತಿರುವಾಗ ಪ್ಯಾಸಿವ್ ಯಾಕೆ ಬೇಕು ಅಂತ ಯಾವ ಹುಡುಗನಿಗೂ ಹೊಳೆಯುವುದಿಲ್ಲ. ಮಾಡುವವರು ಯಾರು ಅನ್ನುವುದು ಮುಖ್ಯವಲ್ಲದ ಕಡೆ ಪ್ಯಾಸಿವ್ ಬೇಕು.

ನೀವು ಕುಮಟೆಯವರು. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರ ನೋಡಿಯೇ ಇರುತ್ತೀರಿ. ಅಲ್ಲಿ ಉಪ್ಪು ಹೇಗೆ ಮಾಡುತ್ತಾರೆ ಅಂತ ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ಭರತದ ಹೊತ್ತಿಗೆ ಉಪ್ಪುನೀರು ಒಳಗೆ ಬಿಡ್ತಾರೆ. ನಿಲ್ಲಿಸ್ತಾರೆ. ಸಣ್ಣ ಗದ್ದೆಗಳಿಗೆ ಹಾಯಿಸ್ತಾರೆ. ಬಿಸಿಲಿಗೆ ನೀರು ಆರುತ್ತದೆ, ಹರಳು ಕಟ್ಟುತ್ತದೆ. ಎಳೀತಾರೆ, ರಾಶಿ ಹಾಕ್ತಾರೆ, ಚೀಲಕ್ಕೆ ತುಂಬ್ತಾರೆ. ಯಾರು ಅಂತ ಒಂದು ಸಲವೂ ಹೇಳಲಿಲ್ಲ ನೋಡಿ. ಕನ್ನಡದಲ್ಲಿ ಹೆಸರಿಲ್ಲದೆ ‘ತಾರೆ’ ಅಂತ ಮುಗಿಸುವ ಕಡೆಯೆಲ್ಲ ಇಂಗ್ಲಿಷ್‌ನಲ್ಲಿ ಪ್ಯಾಸಿವ್ ಹಾಕಿ. ‘ಸೀ ವಾಟರ್ ಈಸ್ ಲೆಟ್ ಇನ್ ಅಟ್ ಹೈ ಟೈಡ್. ಇಟ್ ಈಸ್ ಸ್ಟೋರ್ಡ್. ದೆನ್ ಇಟ್ ಈಸ್ ಚಾನೆಲ್ಡ್ ಇಂಟು ಸ್ಮಾಲರ್ ಪ್ಯಾನ್ಸ್’. ಇದೇ ಜಾಗದಲ್ಲಿ ಮಕ್ಕಳು ‘ದೇ ಆರ್ ಲೆಟಿಂಗ್’ ಅಂತ ಬರೆಯುತ್ತಾರೆ. ಆ ‘ದೇ’ ಯಾರು ಅಂತ ಓದುವವರಿಗೆ ಗೊತ್ತಾಗುವುದಿಲ್ಲ.

ನೀರು ಆರುವುದು, ಹರಳು ಕಟ್ಟುವುದು ತಾನಾಗಿ ಆಗುವ ಕೆಲಸ. ಕನ್ನಡದಲ್ಲೂ ಅಲ್ಲಿ ‘ತಾರೆ’ ಬರಲಿಲ್ಲ. ಇಂಗ್ಲಿಷ್‌ನಲ್ಲೂ ಅಲ್ಲಿ ಪ್ಯಾಸಿವ್ ಬೇಡ: ‘ದ ವಾಟರ್ ಇವ್ಯಾಪೊರೇಟ್ಸ್ ಆಂಡ್ ಕ್ರಿಸ್ಟಲ್ಸ್ ಫಾರ್ಮ್’. ಪ್ಯಾಸಿವ್ ಕಲಿತ ಹುಮ್ಮಸ್ಸಿನಲ್ಲಿ ‘ಈಸ್ ಹ್ಯಾಪನ್ಡ್’ ಅಂತ ಎಲ್ಲದಕ್ಕೂ ಹಚ್ಚಬೇಡಿ. ‘ಹ್ಯಾಪನ್’ಗಂತೂ ಪ್ಯಾಸಿವ್ ಇಲ್ಲವೇ ಇಲ್ಲ. ಉಪ್ಪು ಆದ ಮೇಲೆ ಅವಲಕ್ಕಿ ಮಾಡುವುದು, ಒಣಮೀನು ಮಾಡುವುದು, ಆಲೆಮನೆಯ ಬೆಲ್ಲ, ಒಂದೊಂದನ್ನೂ ಹೀಗೇ ಬರೆದು ನೋಡಿ.

ಪ್ರಶ್ನೆ: ಮಗಳು ಪ್ರಬಂಧ ಬರೆದು ಫೋನಿನ ಎಐಗೆ ಕೊಡುತ್ತಾಳೆ. ಅದು ಚಂದ ಮಾಡಿ ಕೊಡುತ್ತದೆ. ಇದರಿಂದ ಗ್ರಾಮರ್ ಬರುತ್ತದಾ?
ಒಬ್ಬ ತಂದೆ, ಹೊನ್ನಾವರ

ಉತ್ತರ: ಚಂದ ಮಾಡಿಸಿಕೊಂಡರೆ ಬರುವುದಿಲ್ಲ ಅಣ್ಣ. ಪರೀಕ್ಷೆಯ ಕೋಣೆಗೆ ಫೋನ್ ಬಿಡುವುದಿಲ್ಲ. ಆದರೆ ಬಳಸಲೇಬಾರದು ಅಂತ ನಾನು ಹೇಳುವುದಿಲ್ಲ. ಹಳ್ಳಿಯಲ್ಲಿ ತಿದ್ದಿ ಕೊಡುವವರು ಇಲ್ಲದ ಮಕ್ಕಳಿಗೆ ಅದು ದೊಡ್ಡ ಅನುಕೂಲ. ಕೇಳುವ ರೀತಿ ಬದಲಾಗಲಿ. ‘ತಿದ್ದಬೇಡ, ಯಾವ ಸಾಲಿನಲ್ಲಿ ತಪ್ಪಿದೆ ಅಂತ ಮಾತ್ರ ಹೇಳು’ ಅಂತ ಕೇಳಲಿ. ತಪ್ಪು ಯಾವುದು ಅಂತ ಅವಳೇ ಹುಡುಕಿ ಸರಿ ಮಾಡಲಿ. ಆಮೇಲೆ ಬೇಕಾದರೆ ಎರಡನ್ನೂ ಹೋಲಿಸಿ ನೋಡಲಿ. ಅದು ಹೇಳಿದ ನಿಯಮದಲ್ಲಿ ಸಂಶಯ ಬಂದರೆ ಗ್ರಾಮರ್ ಪುಸ್ತಕ ತೆಗೆದು ನೋಡಲಿ.

ಪ್ರಶ್ನೆ: ಲಿಸನಿಂಗ್‌ಗೂ ಗ್ರಾಮರ್‌ಗೂ ಸಂಬಂಧ ಇದೆಯಾ? ಸ್ಪೆಲಿಂಗ್ ಬ್ರಿಟಿಷ್ ಬರೆಯಬೇಕಾ, ಅಮೆರಿಕನ್ ಬರೆಯಬೇಕಾ?
ಓದುಗ, ಭಟ್ಕಳ

ಉತ್ತರ: ಸಂಬಂಧ ಇದೆ, ಬಹಳ ಇದೆ. ಲಿಸನಿಂಗ್‌ನಲ್ಲಿ 40 ಪ್ರಶ್ನೆ. ಆಡಿಯೊ ಶುರುವಾಗುವ ಮೊದಲು ಖಾಲಿ ಜಾಗದ ಅಕ್ಕಪಕ್ಕ ನೋಡಿ. ಹಿಂದೆ ‘ಅ’ ಇದ್ದರೆ ಬರುವುದು ಒಂದು ವಸ್ತು, ‘ಟೂ’ ಇದ್ದರೆ ಕೊನೆಗೆ ‘ಎಸ್’ ಬೇಕು. ‘ಟಿಕೆಟ್ಸ್’ ಇರಬೇಕಾದಲ್ಲಿ ‘ಟಿಕೆಟ್’ ಬರೆದರೆ ಅಂಕ ಹೋಯಿತು. ಎರಡು ಪದಕ್ಕಿಂತ ಜಾಸ್ತಿ ಬೇಡ ಅಂತ ಸೂಚನೆ ಇದ್ದಾಗ ಮೂರು ಬರೆದರೂ ಅಂಕ ಇಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬೇಡಿ. ಸ್ಪೆಲಿಂಗ್ ಬ್ರಿಟಿಷ್ ಆದರೂ ಸರಿ, ಅಮೆರಿಕನ್ ಆದರೂ ಸರಿ. ಪ್ರಬಂಧದಲ್ಲಿ ಮಾತ್ರ ಒಂದನ್ನೇ ಕೊನೆತನಕ ಇಟ್ಟುಕೊಳ್ಳಿ. ನಿಮ್ಮ ಪತ್ರದ ಕೊನೆಯಲ್ಲಿ, ಈಗಲೇ ಬರೆದಿಟ್ಟರೆ ಮುಂದೆ ಅನುಕೂಲವಾ ಅಂತಲೂ ಕೇಳಿದ್ದೀರಿ. ಅಂಕಪಟ್ಟಿಯನ್ನು ಸಾಮಾನ್ಯವಾಗಿ ಎರಡು ವರ್ಷ ಮಾತ್ರ ಒಪ್ಪುತ್ತಾರೆ. ಅರ್ಜಿ ಹಾಕುವ ವರ್ಷ ಗೊತ್ತಾದ ಮೇಲೆ ಪರೀಕ್ಷೆಗೆ ದುಡ್ಡು ಕಟ್ಟಿ, ಅಲ್ಲಿಯತನಕ ಅಭ್ಯಾಸ ನಡೆಯಲಿ.